ಜಾಲಪುಟದ ಅಂಕನ ಭಾಷೆ: ಪ್ರಯೋಗ ಮತ್ತು ನಿಯಮಗಳ ಇತಿಹಾಸ

ಎಚ್.ಟಿ.ಎಂ.ಎಲ್. ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಗಿರುವ ಹೈಪರ್‌ಟೆಕ್ಸ್ಟ್ ಮಾರ್ಕಪ್ ಲ್ಯಾಂಗ್ವೇಜ್ ಇಂದು ಜಾಲಪುಟಗಳಿಗೆಲ್ಲ ಆಧಾರವಾಗಿರುವ ಅಂಕನ ಭಾಷೆ. ಇದರ ಇತಿಹಾಸವನ್ನು ನಿರೂಪಿಸುವವರು ಸಾಮಾನ್ಯವಾಗಿ ಆವೃತ್ತಿಗಳ ಅನುಕ್ರಮವನ್ನೇ ಹಿಡಿದು ಹೊರಡುತ್ತಾರೆ. 1995ರಲ್ಲಿ ಎರಡನೆಯದು, 1997ರ ಆರಂಭದಲ್ಲಿ 3.2, ಅದೇ ವರ್ಷದ ಕೊನೆಗೆ 4.0, 2014ರಲ್ಲಿ ಐದನೆಯದು ಎಂದು, ಒಬ್ಬ ಅರಸನ ತರುವಾಯ ಮತ್ತೊಬ್ಬನಿಗೆ ಪಟ್ಟವಾದಂತೆ, ಈ ಕಥನವು ಸಾಗುತ್ತದೆ. ವರ್ಷಗಳಲ್ಲಿ ತಪ್ಪೇನೂ ಇಲ್ಲ. ಆದರೆ ವಂಶಾವಳಿಯನ್ನು ಓದಿದ ಮಾತ್ರಕ್ಕೆ ನಾಡಿನ ಚರಿತ್ರೆ ತಿಳಿಯದಂತೆ, ಆವೃತ್ತಿಗಳ ಪಟ್ಟಿಯಿಂದ ಈ ಭಾಷೆ ಬೆಳೆದ ಬಗೆ ತಿಳಿಯದು. ನಮ್ಮ ವೈಯಾಕರಣರು ಲಕ್ಷ್ಯ, ಲಕ್ಷಣ ಎಂಬ ಎರಡು ಮಾತುಗಳನ್ನು ಬಳಸುವುದುಂಟು. ಪ್ರಯೋಗದಲ್ಲಿರುವ ಭಾಷೆ ಲಕ್ಷ್ಯ, ಅದನ್ನು ನಿಯಮಿಸುವ ಶಾಸ್ತ್ರ ಲಕ್ಷಣ. ಎಚ್.ಟಿ.ಎಂ.ಎಲ್.ನ ಚರಿತ್ರೆಯಲ್ಲಿ ಇವೆರಡರೊಳಗೆ ಯಾವುದು ಮುಂದೆ ನಡೆಯಿತು, ಯಾವುದು ಹಿಂಬಾಲಿಸಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಂತ್ರಕ್ಕಾಗಿ ರಚಿತವಾದ ಭಾಷೆಯಲ್ಲಿ ಲಕ್ಷಣವೇ ಮೊದಲು ಹುಟ್ಟಿರಬೇಕೆಂದು ಯಾರಾದರೂ ಊಹಿಸುವರು. ದೊರೆಯುವ ಆಧಾರಗಳು ಬೇರೆಯೇ ಹೇಳುತ್ತವೆ.

ಅಂಕನವೆಂಬುದು ಗಣಕಯಂತ್ರಕ್ಕಿಂತ ಹಳೆಯದು. ಮುದ್ರಣಾಲಯಕ್ಕೆ ಹೋಗುವ ಹಸ್ತಪ್ರತಿಯ ಅಂಚಿನಲ್ಲಿ ಸಂಪಾದಕನು ಇದು ದಪ್ಪಕ್ಷರ, ಇಲ್ಲಿ ಹೊಸ ಕಂಡಿಕೆ ಎಂದು ಗುರುತು ಹಾಕುತ್ತಿದ್ದನು. ಗಣಕಗಳು ಅಚ್ಚುಜೋಡಣೆಯ ಕೆಲಸಕ್ಕೆ ಬಂದಾಗ ಆ ಗುರುತುಗಳೇ ಸಂಕೇತಗಳಾಗಿ ಬರಹದೊಳಕ್ಕೆ ಸೇರಿದವು. ಅವು ಅಕ್ಷರದ ಹೊರರೂಪವನ್ನು ಕುರಿತ ಆಜ್ಞೆಗಳಾಗಿದ್ದುದರಿಂದ ಒಂದು ಯಂತ್ರಕ್ಕೆ ಸಿದ್ಧಪಡಿಸಿದ ಬರಹವು ಇನ್ನೊಂದಕ್ಕೆ ಒದಗುತ್ತಿರಲಿಲ್ಲ. 1967ರ ಸೆಪ್ಟೆಂಬರಿನಲ್ಲಿ ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ಸೇರಿದ ಸಭೆಯೊಂದರಲ್ಲಿ ವಿಲಿಯಂ ಟನಿಕ್ಲಿಫ್ ಎಂಬವರು ಬರಹದ ಒಳವಸ್ತುವನ್ನು ಅದರ ಹೊರರೂಪದಿಂದ ಬೇರ್ಪಡಿಸಬೇಕೆಂದು ಪ್ರತಿಪಾದಿಸಿದರು. ನ್ಯೂಯಾರ್ಕಿನ ಗ್ರಂಥವಿನ್ಯಾಸಕ ಸ್ಟ್ಯಾನ್ಲಿ ರೈಸ್ ಅವರೂ ಅದೇ ದಶಕದಲ್ಲಿ ಇಂಥದೇ ವಿಚಾರವನ್ನು ಮುಂದಿಟ್ಟಿದ್ದರು. 1969ರಲ್ಲಿ ಐ.ಬಿ.ಎಂ. ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಈ ಮೂವರು ನ್ಯಾಯವಾದಿಗಳ ಕಚೇರಿಯ ದಾಖಲೆಗಳನ್ನು ಗಣಕದಲ್ಲಿ ನಿರ್ವಹಿಸಲು ಜಿ.ಎಂ.ಎಲ್. ಎಂಬ ಭಾಷೆಯನ್ನು ನಿರ್ಮಿಸಿದರು. ಆ ಮೂರಕ್ಷರಗಳು ಮೂವರ ಕುಲನಾಮಗಳ ಆದ್ಯಕ್ಷರಗಳೂ ಆಗಿರುವುದು ಆಕಸ್ಮಿಕವಲ್ಲ. ಇಲ್ಲಿ ಟ್ಯಾಗ್ ಎಂಬ ಗುರುತು ಅಕ್ಷರದ ಗಾತ್ರವನ್ನು ಹೇಳುವುದಿಲ್ಲ. ಇದು ಶೀರ್ಷಿಕೆ, ಇದು ಕಂಡಿಕೆ ಎಂದು ವಸ್ತುವಿನ ಸ್ವರೂಪವನ್ನು ಹೇಳುತ್ತದೆ. ಈ ಭಾಷೆಯ ಸಂತತಿಯಾದ ಎಸ್.ಜಿ.ಎಂ.ಎಲ್. 1986ರಲ್ಲಿ ಐ.ಎಸ್.ಓ. 8879 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಲಕ್ಷಣಕ್ಕೇ ಅಗ್ರಸ್ಥಾನ. ಯಾವ ಯಾವ ಅಂಗಗಳಿರಬಹುದು, ಯಾವುದರೊಳಗೆ ಯಾವುದು ಬರಬಹುದು ಎಂಬ ಘೋಷಣೆ ಮೊದಲು, ಆಮೇಲೆ ಬರಹ.

ಜಿನೀವಾದ ಬಳಿಯಿರುವ ಸೆರ್ನ್ ಎಂಬ ಪರಮಾಣು ಸಂಶೋಧನ ಸಂಸ್ಥೆಯಲ್ಲಿ ಎಸ್.ಜಿ.ಎಂ.ಎಲ್. ಮಾದರಿಯ ಅಂಕನ ಆಗಲೇ ಬಳಕೆಯಲ್ಲಿತ್ತು. ಅಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರ ಮಾರ್ಚಿಯಲ್ಲಿ, ಹಂಚಿಹೋಗಿದ್ದ ಮಾಹಿತಿಯನ್ನು ಕೊಂಡಿಗಳಿಂದ ಕೂಡಿಸುವ ವ್ಯವಸ್ಥೆಯೊಂದನ್ನು ಮೇಲಧಿಕಾರಿಗಳಿಗೆ ಸೂಚಿಸಿದರು. 1990ರ ಕೊನೆಯ ವೇಳೆಗೆ ನೆಕ್ಸ್ಟ್ ಎಂಬ ಗಣಕದ ಮೇಲೆ ಮೊದಲ ಬ್ರೌಸರನ್ನು ರಚಿಸಿದರು. ಪುಟಗಳನ್ನು ಬರೆಯಲು ಅವರಿಗೆ ಒಂದು ಭಾಷೆ ಬೇಕಾಗಿತ್ತು. ಸಹೋದ್ಯೋಗಿಗಳ ಕೈಗೆ ಪರಿಚಿತವಾಗಿದ್ದ ಟ್ಯಾಗುಗಳನ್ನೇ ಅವರು ಎತ್ತಿಕೊಂಡರು. ಶೀರ್ಷಿಕೆಗಳಿಗೆ ಎಚ್ 1, ಎಚ್ 2 ಮುಂತಾದವು, ಕಂಡಿಕೆಗೆ ಪಿ, ಪಟ್ಟಿಯ ಅಂಶಕ್ಕೆ ಎಲ್.ಐ. ಎಂಬಿವು ಹೀಗೆ ಬಂದವು. ಕೊಂಡಿಯನ್ನು ಸೂಚಿಸುವ ಎ ಎಂಬ ಒಂದಕ್ಷರದ ಟ್ಯಾಗ್ ಮಾತ್ರ ಹೊಸದು. ಇಡೀ ಜಾಲವು ನಿಂತಿರುವುದು ಅದರ ಮೇಲೆ. 1991ರ ಅಕ್ಟೋಬರಿನ ವೇಳೆಗೆ 18 ಅಂಗಗಳನ್ನು ವಿವರಿಸುವ ಚಿಕ್ಕದೊಂದು ಬರಹವು ಸಿದ್ಧವಾಗಿತ್ತು. ಎಸ್.ಜಿ.ಎಂ.ಎಲ್. ಕೇಳುವ ಔಪಚಾರಿಕ ಘೋಷಣೆ ಅದರಲ್ಲಿರಲಿಲ್ಲ. ಟ್ಯಾಗುಗಳ ವೇಷ ಎಸ್.ಜಿ.ಎಂ.ಎಲ್.ನದು, ವ್ಯಾಕರಣ ಇನ್ನೂ ಹುಟ್ಟಬೇಕಾಗಿತ್ತು.

ಆ ಚಿಕ್ಕ ಬರಹವು ಇತಿಹಾಸಾಭ್ಯಾಸಿಗೆ ಬಹಳ ಉಪಯುಕ್ತವಾದುದು. ಅದರಲ್ಲಿ ನೆಕ್ಸ್ಟ್ ಐ.ಡಿ. ಎಂಬೊಂದು ಟ್ಯಾಗ್ ಇದೆ. ಬರ್ನರ್ಸ್-ಲೀ ಅವರ ಸಂಪಾದನ ತಂತ್ರಾಂಶವು ತನ್ನ ಅನುಕೂಲಕ್ಕೆಂದು ಪುಟದಲ್ಲಿ ಇರಿಸುತ್ತಿದ್ದ ಗುರುತು ಅದು. ಒಬ್ಬನ ಕೈಬರಹದ ವೈಶಿಷ್ಟ್ಯವು ಭಾಷೆಯ ಪಟ್ಟಿಯೊಳಗೆ ಸೇರಿಹೋದಂತೆ. ಪಿ ಎಂಬ ಟ್ಯಾಗಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಆರಂಭದಲ್ಲಿ ಅದು ಎರಡು ಕಂಡಿಕೆಗಳ ನಡುವೆ ಇಡುವ ಗೆರೆಯಂತಿತ್ತು. ಅದಕ್ಕೆ ಮುಕ್ತಾಯದ ಟ್ಯಾಗ್ ಇರಲಿಲ್ಲ. ಮುಂದೆ ಭಾಷೆಗೆ ಶಾಸ್ತ್ರೀಯ ರೂಪವನ್ನು ಕೊಟ್ಟವರು ಅದನ್ನು ಕಂಡಿಕೆಯನ್ನು ಒಳಗೊಳ್ಳುವ ಪಾತ್ರೆಯಾಗಿ ಮಾರ್ಪಡಿಸಿದರು. ಆದರೆ ಹಳೆಯ ಪದ್ಧತಿಯಲ್ಲಿ ಬರೆದ ಪುಟಗಳು ಕೆಡಬಾರದೆಂದು ಮುಕ್ತಾಯವನ್ನು ಬಿಟ್ಟರೂ ನಡೆಯುತ್ತದೆಂದು ವಿಧಿಸಿದರು. ಆ ವಿನಾಯಿತಿ ಇಂದಿಗೂ ಇದೆ. ಆಡುಮಾತಿನಲ್ಲಿ ಉಳಿದ ಹಳಗನ್ನಡದ ರೂಪವೊಂದು ಭಾಷೆಯ ವಯಸ್ಸನ್ನು ಹೇಳುವಂತೆ, ಈ ವಿನಾಯಿತಿಯು 1991ರ ಮೊದಲ ಪದ್ಧತಿಯನ್ನು ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಪ್ರಪಂಚದ ಪ್ರಥಮ ಜಾಲಪುಟದ ಮೊದಲ ರೂಪ ನಮಗೆ ಉಳಿದಿಲ್ಲ. ಪುಟವನ್ನು ತಿದ್ದಿದಾಗಲೆಲ್ಲ ಹಿಂದಿನದು ಅಳಿದುಹೋಗುತ್ತಿತ್ತು. ಸೆರ್ನ್ ಸಂಸ್ಥೆಯಲ್ಲಿ ಉಳಿದುಬಂದುದು 1992ರ ಪ್ರತಿ. 2013ರಲ್ಲಿ ಆ ಸಂಸ್ಥೆ ಹಳೆಯ ಪುಟಗಳನ್ನು ಪುನರುದ್ಧರಿಸುವ ಕಾರ್ಯವನ್ನು ಕೈಗೊಂಡಾಗ, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಪಾಲ್ ಜೋನ್ಸ್ ಅವರ ಬಳಿ 1991ರ ಪ್ರತಿಯೊಂದು ಇರುವುದು ತಿಳಿದುಬಂದಿತು. ಸಾವಿರ ವರ್ಷಗಳ ಹಿಂದಿನ ತಾಮ್ರಶಾಸನವನ್ನು ಓದಬಲ್ಲ ನಾವು ಮೂವತ್ತೈದು ವರ್ಷಗಳ ಹಿಂದಿನ ಬರಹದ ಮೂಲಪಾಠವನ್ನು ಕಾಣಲಾರೆವು. ಆದರೆ ಉಳಿದಿರುವ ಆ ಹಳೆಯ ಪ್ರತಿಗಳನ್ನು ಇಂದಿನ ಯಾವ ಬ್ರೌಸರಾದರೂ ತಡೆಯಿಲ್ಲದೆ ಓದುತ್ತದೆ. ಅದೇ ಕಾಲದ ಇತರ ಬರಹ ತಂತ್ರಾಂಶಗಳ ಕಡತಗಳನ್ನು ತೆರೆಯಲು ಪಡಬೇಕಾದ ಪಾಡನ್ನು ಬಲ್ಲವರಿಗೆ ಇದು ಸಾಮಾನ್ಯ ಸಂಗತಿಯೆನಿಸದು. ಇದಕ್ಕೆ ಕಾರಣವೇನೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಪ್ರಯೋಗವು ನಿಯಮವನ್ನು ಹಿಂದೆ ಹಾಕಿದುದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಚಿತ್ರದ ಟ್ಯಾಗ್. ಮೊದಲ ಎಚ್.ಟಿ.ಎಂ.ಎಲ್.ನಲ್ಲಿ ಬರಹದ ನಡುವೆ ಚಿತ್ರವನ್ನಿಡಲು ಮಾರ್ಗವಿರಲಿಲ್ಲ. 1993ರ ಫೆಬ್ರವರಿ 25ರಂದು ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಆಂಡ್ರೀಸನ್ ಎಂಬ ಯುವಕನು, ಇಮೇಜ್ ಎಂಬುದರ ಹ್ರಸ್ವರೂಪವಾದ ಐ.ಎಂ.ಜಿ. ಎಂಬ ಹೊಸ ಟ್ಯಾಗನ್ನು ಈ ಕ್ಷೇತ್ರದ ಇತರರಿಗೆ ಪತ್ರಮುಖೇನ ಸೂಚಿಸಿದನು. ಪ್ರತ್ಯುತ್ತರಗಳು ಹಲವು ಬಂದವು. ಟೋನಿ ಜಾನ್ಸನ್ ಅವರು ತಮ್ಮ ಬ್ರೌಸರಿನಲ್ಲಿ ಐಕಾನ್ ಎಂಬ ಹೆಸರಿನಿಂದ ಇಂಥದೇ ಟ್ಯಾಗ್ ಇದೆಯೆಂದರು. ಚಿತ್ರಕ್ಕೆ ಮಾತ್ರ ಸೀಮಿತವಾಗದೆ ಯಾವ ಮಾಧ್ಯಮಕ್ಕಾದರೂ ಒದಗುವಂಥ ಟ್ಯಾಗ್ ಬೇಕೆಂದು ಕೆಲವರು ವಾದಿಸಿದರು. ಹೊಸ ಟ್ಯಾಗೇ ಬೇಡ, ಇರುವ ಕೊಂಡಿಗೇ ಒಂದು ವಿಶೇಷಣವನ್ನು ಸೇರಿಸಿದರೆ ಸಾಕೆಂಬುದು ಬರ್ನರ್ಸ್-ಲೀ ಅವರ ಅಭಿಪ್ರಾಯ. ಶಾಸ್ತ್ರದೃಷ್ಟಿಯಿಂದ ಅವರ ಸೂಚನೆಯೇ ಮೇಲಾಗಿತ್ತೆಂದು ನನ್ನ ಭಾವನೆ. ಆದರೆ ವಾದ ಮುಗಿಯುವ ಮುನ್ನವೇ ಆಂಡ್ರೀಸನ್ ಮತ್ತು ಸಂಗಡಿಗರು ಐ.ಎಂ.ಜಿ. ಟ್ಯಾಗನ್ನು ತಮ್ಮ ಮೊಸಾಯಿಕ್ ಬ್ರೌಸರಿನಲ್ಲಿ ಅಳವಡಿಸಿ ಹೊರತಂದರು. ಆ ವರ್ಷ ಮೊಸಾಯಿಕ್ ಪಡೆದ ಜನಪ್ರಿಯತೆಯಿಂದ ಪುಟಗಳನ್ನು ಬರೆಯುವವರೆಲ್ಲ ಆ ಟ್ಯಾಗನ್ನೇ ಹಿಡಿದರು. ಚಿತ್ರವನ್ನು ಕಾಣಲಾಗದವರಿಗಾಗಿ ಬದಲಿ ಮಾತನ್ನು ಹೇಳುವ ಆಲ್ಟ್ ಎಂಬ ವಿಶೇಷಣವನ್ನು ಆಮೇಲೆ ಸೇರಿಸಬೇಕಾಯಿತು. ಅದನ್ನು ಬರೆಯದೆ ಬಿಡುವ ಅಭ್ಯಾಸವು ಬರಹಗಾರರಲ್ಲಿ ಉಳಿದುಬಿಟ್ಟಿತು. ಕಣ್ಣಿಲ್ಲದ ಓದುಗರು ಅದರ ಫಲವನ್ನು ಇಂದಿಗೂ ಅನುಭವಿಸುತ್ತಿದ್ದಾರೆ. ಅವಸರದ ಪ್ರಯೋಗಕ್ಕೆ ತೆರಬೇಕಾದ ಬೆಲೆಯೂ ಉಂಟು.

ಡೇವ್ ರ‍್ಯಾಗೆಟ್ ಅವರು 1993ರಲ್ಲಿ ಎಚ್.ಟಿ.ಎಂ.ಎಲ್. ಪ್ಲಸ್ ಎಂಬ ವಿಸ್ತೃತ ರೂಪವನ್ನು ಸೂಚಿಸಿದರು. ಡ್ಯಾನ್ ಕಾನೊಲಿ ಅವರ ಶ್ರಮದಿಂದ ಭಾಷೆಗೆ ಎಸ್.ಜಿ.ಎಂ.ಎಲ್. ಪ್ರಕಾರದ ಘೋಷಣೆ ಒದಗಿತು. 1994ರ ಅಕ್ಟೋಬರಿನಲ್ಲಿ ಡಬ್ಲ್ಯು 3 ಸಿ. ಎಂಬ ಜಾಲ ಒಕ್ಕೂಟವು ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಥಾಪಿತವಾಯಿತು. 1995ರ ನವೆಂಬರಿನಲ್ಲಿ ಎಚ್.ಟಿ.ಎಂ.ಎಲ್. 2.0 ಪ್ರಕಟವಾದಾಗ ಅದು ಆಗಲೇ ರೂಢಿಯಲ್ಲಿದ್ದ ಪ್ರಯೋಗಗಳ ಸಂಗ್ರಹವೇ ಆಗಿತ್ತು. ಅದೇ ವರ್ಷ ರ‍್ಯಾಗೆಟ್ ಅವರು ಸಿದ್ಧಪಡಿಸಿದ 3.0 ಎಂಬ ಮಹತ್ತ್ವಾಕಾಂಕ್ಷೆಯ ಕರಡು, ಪ್ರಯೋಗಕ್ಕೆ ಮುಂಚೆಯೇ ಹೊಸ ನಿಯಮಗಳನ್ನು ವಿಧಿಸಹೊರಟದ್ದು, ಅಂಗೀಕಾರವಾಗದೆ ಕಾಲಾತೀತವಾಯಿತು. 1997ರ ಜನವರಿಯ 3.2 ಪುನಃ ಹಿಂದಿನ ವರ್ಷದ ಬಳಕೆಯನ್ನು ದಾಖಲಿಸಿದ ಗ್ರಂಥ.

ಈ ನಡುವೆ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳ ಪೈಪೋಟಿ ನಡೆದಿತ್ತು. ಮಿಟುಕುವ ಅಕ್ಷರಗಳಿಗೆ ಬ್ಲಿಂಕ್ ಎಂಬುದನ್ನು ಒಬ್ಬರು ತಂದರೆ, ಅಡ್ಡಡ್ಡ ಓಡುವ ಅಕ್ಷರಗಳಿಗೆ ಮಾರ್ಕೀ ಎಂಬುದನ್ನು ಮತ್ತೊಬ್ಬರು ತಂದರು. ಇವು ವಿನೋದದ ಸಂಗತಿಗಳು. ಹೆಚ್ಚು ಗಂಭೀರವಾದದ್ದು ಫಾಂಟ್ ಎಂಬ ಟ್ಯಾಗ್. ಅಕ್ಷರದ ಗಾತ್ರವನ್ನೂ ಬಣ್ಣವನ್ನೂ ನೇರವಾಗಿ ವಿಧಿಸುವ ಈ ಟ್ಯಾಗ್ ನೆಟ್‌ಸ್ಕೇಪಿನಿಂದ ಬಂದಿತು. ಯಾವ ಅಕ್ಷರಶೈಲಿಯಲ್ಲಿ ತೋರಿಸಬೇಕೆಂದು ಹೆಸರಿಸುವ ಫೇಸ್ ಎಂಬ ವಿಶೇಷಣವನ್ನು ಮೈಕ್ರೋಸಾಫ್ಟ್ ಸೇರಿಸಿತು. ಟನಿಕ್ಲಿಫ್ ಮತ್ತು ಗೋಲ್ಡ್‌ಫಾರ್ಬರು ಯಾವುದನ್ನು ತಪ್ಪಿಸಲು ಶ್ರಮಿಸಿದ್ದರೋ ಅದೇ ಹಿಂಬಾಗಿಲಿನಿಂದ ಒಳಬಂದಿತು. ಹೊರರೂಪದ ವಿಚಾರವನ್ನು ಪ್ರತ್ಯೇಕವಾಗಿಡುವ ಸಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಹೋಕನ್ ವಿಯಮ್ ಲೀ ಅವರು 1994ರಲ್ಲಿಯೇ ಸೂಚಿಸಿ, 1996ರ ಡಿಸೆಂಬರಿನಲ್ಲಿ ಅದು ಅಂಗೀಕೃತವೂ ಆಗಿತ್ತು. 1997ರ ಡಿಸೆಂಬರಿನ ಎಚ್.ಟಿ.ಎಂ.ಎಲ್. 4.0 ಫಾಂಟ್ ಟ್ಯಾಗಿಗೂ ಅದರ ಫೇಸ್ ವಿಶೇಷಣಕ್ಕೂ ಸ್ಥಾನ ಕೊಟ್ಟು, ಅದೇ ಉಸಿರಿನಲ್ಲಿ ಅವು ತ್ಯಾಜ್ಯವೆಂದೂ ಸಾರಿತು.

ತಪ್ಪು ಬರಹದ ವಿಷಯಕ್ಕೆ ಈಗ ಬರೋಣ. ಆರಂಭದಿಂದಲೂ ಬ್ರೌಸರುಗಳು ಉದಾರಿಗಳು. ಅರಿಯದ ಟ್ಯಾಗ್ ಬಂದರೆ ಅದನ್ನು ಬದಿಗಿಟ್ಟು ಒಳಗಿನ ಮಾತನ್ನು ತೋರಿಸುವುದು, ಮುಕ್ತಾಯವನ್ನು ಮರೆತಿದ್ದರೆ ತಾವೇ ಊಹಿಸಿಕೊಳ್ಳುವುದು ಅವುಗಳ ಧರ್ಮವಾಗಿತ್ತು. ಶಾಸ್ತ್ರವನ್ನು ಓದದವನೂ ಪುಟವನ್ನು ಬರೆಯಲು ಸಾಧ್ಯವಾದುದು ಈ ಔದಾರ್ಯದಿಂದ. ಪಕ್ಕದವನ ಪುಟದ ಮೂಲವನ್ನು ತೆರೆದು ನೋಡಿ, ನಕಲು ಮಾಡಿ, ತನ್ನ ಮಾತನ್ನು ತುಂಬಿ ಲಕ್ಷಾಂತರ ಜನ ಈ ಭಾಷೆಯನ್ನು ಕಲಿತರು. ಪರಿಣಾಮವಾಗಿ ಜಾಲದಲ್ಲಿರುವ ಪುಟಗಳಲ್ಲಿ ಬಹುಪಾಲು ವ್ಯಾಕರಣಶುದ್ಧವಾಗಿರಲಿಲ್ಲ. ಇನ್ನೊಂದು ತೊಡಕೂ ಇತ್ತು: ತಪ್ಪನ್ನು ಹೇಗೆ ಓದಬೇಕೆಂಬುದು ಯಾವ ಗ್ರಂಥದಲ್ಲಿಯೂ ಇಲ್ಲದ್ದರಿಂದ, ಒಂದು ಬ್ರೌಸರು ಓದಿದಂತೆ ಇನ್ನೊಂದು ಓದಲಿಲ್ಲ.

ಶಾಸ್ತ್ರಕಾರರು ಇದಕ್ಕೆ ಕಂಡುಕೊಂಡ ಪರಿಹಾರ ಶಿಸ್ತು. 1998ರಲ್ಲಿ ಎಕ್ಸ್.ಎಂ.ಎಲ್. ಎಂಬ ಕಟ್ಟುನಿಟ್ಟಿನ ಅಂಕನ ಪದ್ಧತಿ ಪ್ರಕಟವಾಯಿತು. ಅದರ ಕಟ್ಟಳೆಗೆ ಎಚ್.ಟಿ.ಎಂ.ಎಲ್.ಅನ್ನು ಒಗ್ಗಿಸಿದ ಎಕ್ಸ್.ಎಚ್.ಟಿ.ಎಂ.ಎಲ್. 1.0 ಎಂಬುದು 2000ದ ಜನವರಿಯಲ್ಲಿ ಬಂದಿತು. ಇದರಲ್ಲಿ ಒಂದು ಮುಕ್ತಾಯವನ್ನು ಮರೆತರೂ ಬ್ರೌಸರು ಪುಟವನ್ನು ತೋರಿಸದೆ ದೋಷವನ್ನು ಸಾರಿ ನಿಲ್ಲಬೇಕು. ತತ್ತ್ವತಃ ಇದು ಸ್ತುತ್ಯವೇ. ನಡೆದುದೇನು? ಅಂದು ಅತ್ಯಧಿಕವಾಗಿ ಬಳಕೆಯಲ್ಲಿದ್ದ ಮೈಕ್ರೋಸಾಫ್ಟಿನ ಬ್ರೌಸರಿಗೆ ಈ ಶುದ್ಧರೂಪವನ್ನು ಓದುವ ಶಕ್ತಿ 2011ರವರೆಗೂ ಬರಲಿಲ್ಲ. ಆದಕಾರಣ ಬರಹಗಾರರು ಹೊಸ ಶಾಸ್ತ್ರದ ಹೆಸರನ್ನು ಪುಟದ ನೆತ್ತಿಯ ಮೇಲೆ ಬರೆದು, ಅದನ್ನು ಹಳೆಯ ಎಚ್.ಟಿ.ಎಂ.ಎಲ್. ಎಂದೇ ಕಳುಹಿಸಿಕೊಟ್ಟರು, ಬ್ರೌಸರುಗಳು ಹಳೆಯ ಔದಾರ್ಯದಿಂದಲೇ ಅದನ್ನು ಓದಿದವು. ಇಷ್ಟಾದರೂ ಒಕ್ಕೂಟವು ಮುಂದುವರಿದು, 2002ರಲ್ಲಿ ಪ್ರಕಟಿಸಿದ ಎಕ್ಸ್.ಎಚ್.ಟಿ.ಎಂ.ಎಲ್. 2ರ ಕರಡಿನಲ್ಲಿ, ಹಿಂದಿನ ಭಾಷೆಯೊಡನೆ ಹೊಂದಿಕೊಂಡು ಹೋಗಬೇಕೆಂಬ ನಿರ್ಬಂಧವನ್ನೇ ಕೈಬಿಟ್ಟಿತು. ಇದುವರೆಗಿನ ಕೋಟ್ಯಂತರ ಪುಟಗಳಿಗೆ ಈ ಹೊಸ ಭಾಷೆಯಲ್ಲಿ ಸ್ಥಾನವಿರಲಿಲ್ಲ.

2004ರ ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಹೋಸೆಯಲ್ಲಿ ಒಕ್ಕೂಟವು ನಡೆಸಿದ ವಿಚಾರಗೋಷ್ಠಿ ಈ ಚರಿತ್ರೆಯ ತಿರುವು. ಮೊಜಿಲ್ಲಾ ಮತ್ತು ಒಪೇರಾ ಬ್ರೌಸರುಗಳ ಪ್ರತಿನಿಧಿಗಳು, ಇರುವ ಎಚ್.ಟಿ.ಎಂ.ಎಲ್.ಅನ್ನೇ ಬೆಳೆಸಬೇಕು, ಹಳೆಯ ಪುಟಗಳು ಕೆಡಬಾರದು, ತಪ್ಪನ್ನು ಓದುವ ಕ್ರಮವನ್ನೂ ಶಾಸ್ತ್ರವೇ ಹೇಳಬೇಕು ಎಂಬ ಪ್ರಬಂಧವನ್ನು ಮಂಡಿಸಿದರು. ಮತಗಣನೆಯಲ್ಲಿ ಪರವಾಗಿ 8, ವಿರೋಧವಾಗಿ 14 ಮತಗಳು ಬಂದವು. ಸೋತವರು ಕೆಲವೇ ದಿನಗಳಲ್ಲಿ ವಾಟ್‌ವಿಗ್ ಎಂಬ ಸ್ವತಂತ್ರ ಕೂಟವನ್ನು ಕಟ್ಟಿಕೊಂಡರು. ಆಪಲ್ ಕಂಪೆನಿಯವರೂ ಕೂಡಿಕೊಂಡರು. ಇಯಾನ್ ಹಿಕ್ಸನ್ ಸಂಪಾದಕರಾದರು. 2006ರ ಅಕ್ಟೋಬರಿನಲ್ಲಿ ಬರ್ನರ್ಸ್-ಲೀ ಅವರೇ, ಜಗತ್ತನ್ನು ಒಮ್ಮೆಗೇ ಎಕ್ಸ್.ಎಂ.ಎಲ್. ಕಡೆಗೆ ತಿರುಗಿಸುವ ಪ್ರಯತ್ನ ಫಲಿಸಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಎಕ್ಸ್.ಎಚ್.ಟಿ.ಎಂ.ಎಲ್. 2ರ ಕಾರ್ಯವನ್ನು ಮುಂದುವರಿಸುವುದಿಲ್ಲವೆಂದು 2009ರಲ್ಲಿ ಪ್ರಕಟಿಸಲಾಯಿತು. ಲಕ್ಷಣವು ಲಕ್ಷ್ಯವನ್ನು ಬಿಟ್ಟು ನಡೆದ ಒಂದೇ ಒಂದು ದೊಡ್ಡ ಪ್ರಯತ್ನ ಹೀಗೆ ಕೊನೆಗೊಂಡಿತು.

2014ರ ಅಕ್ಟೋಬರ್ 28ರಂದು ಅಂಗೀಕೃತವಾದ ಎಚ್.ಟಿ.ಎಂ.ಎಲ್. 5ರ ಬಗೆಗೆ ಬರೆಯುವವರು ಚಲಚ್ಚಿತ್ರ, ಧ್ವನಿ, ರೇಖಾಚಿತ್ರಗಳ ಹೊಸ ಟ್ಯಾಗುಗಳನ್ನೇ ಹೊಗಳುತ್ತಾರೆ. ಅವು ಮುಖ್ಯವೇ, ಆದರೆ ಇತಿಹಾಸದ ದೃಷ್ಟಿಯಿಂದ ಅದರ ನಿಜವಾದ ಸಾಧನೆ ಬೇರೆ ಕಡೆ ಇದೆ. ಇದು ಎರಡು ಬಗೆಯ ನಿಯಮಗಳನ್ನು ಬೇರ್ಪಡಿಸಿತು: ಬರೆಯುವವನಿಗೆ ಒಂದು, ಓದುವ ಯಂತ್ರಕ್ಕೆ ಇನ್ನೊಂದು. ಮಾರ್ಕೀ ಟ್ಯಾಗನ್ನು ಬಳಸಕೂಡದೆಂದು ಬರಹಗಾರನಿಗೆ ನಿಷೇಧಿಸುವ ಶಾಸ್ತ್ರವೇ, ಅದು ಕಂಡುಬಂದಲ್ಲಿ ಅಕ್ಷರಗಳನ್ನು ಹೇಗೆ ಓಡಿಸಬೇಕೆಂದು ಬ್ರೌಸರಿಗೆ ವಿವರವಾಗಿ ಬೋಧಿಸುತ್ತದೆ. 1991ರ ಪಟ್ಟಿಯಲ್ಲಿ ಪ್ಲೇನ್‌ಟೆಕ್ಸ್ಟ್ ಎಂಬ ಟ್ಯಾಗೊಂದಿತ್ತು. ಅದು ಬಂದ ಮೇಲೆ ಪುಟದ ಕೊನೆಯವರೆಗೆ ಎಲ್ಲವೂ ಬರಿಯ ಅಕ್ಷರ, ಅದರಿಂದ ಹೊರಬರುವ ದಾರಿಯಿಲ್ಲ. ಯಾರೂ ಬಳಸದ ಆ ಟ್ಯಾಗಿಗೂ ಇಂದಿನ ಬ್ರೌಸರು ವಿಧೇಯವಾಗಿರಬೇಕು. ದಪ್ಪಕ್ಷರದ ಟ್ಯಾಗನ್ನು ತೆರೆದು, ಅದರೊಳಗೆ ಓರೆಯಕ್ಷರದ ಟ್ಯಾಗನ್ನು ತೆರೆದು, ಮೊದಲು ದಪ್ಪಕ್ಷರದ್ದನ್ನೇ ಮುಚ್ಚಿಬಿಡುವ ತಪ್ಪು ಅತ್ಯಂತ ಸಾಮಾನ್ಯ. ಹೀಗೆ ತಾಯಿ ತಪ್ಪಿದ ಟ್ಯಾಗುಗಳನ್ನು ಬೇರೆ ಒಡಲಿಗೆ ಒಪ್ಪಿಸುವ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ನಿರೂಪಿಸಿ, ಅದಕ್ಕೆ ದತ್ತು ಕೊಡಿಸುವ ಸಂಸ್ಥೆಯೆಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಇಂಥ ಶುಷ್ಕ ಗ್ರಂಥದಲ್ಲಿ ಈ ಹೆಸರನ್ನು ಕಂಡು ನಗದವರು ವಿರಳ. ತಪ್ಪು ಬರಹವೂ ಎಲ್ಲ ಬ್ರೌಸರುಗಳಲ್ಲಿ ಒಂದೇ ರೀತಿ ಓದಲ್ಪಡುವುದೂ, 1992ರ ಪುಟ ಇಂದಿಗೂ ತೆರೆದುಕೊಳ್ಳುವುದೂ ಈ ನೀತಿಯಿಂದ.

ಇಷ್ಟಕ್ಕೇ ಪ್ರಯೋಗಶರಣತೆಯನ್ನು ಕೊಂಡಾಡಿ ಸುಮ್ಮನಾಗುವಂತಿಲ್ಲ. ಪ್ರಯೋಗವೆಂದರೆ ಯಾರ ಪ್ರಯೋಗವೆಂಬ ಪ್ರಶ್ನೆ ಉಳಿಯುತ್ತದೆ. ಸಹಜ ಭಾಷೆಯಲ್ಲಿ ಆಡುವವರೆಲ್ಲರೂ ಸೇರಿ ರೂಢಿಯನ್ನು ನಿರ್ಮಿಸುತ್ತಾರೆ. ಇಲ್ಲಿ ಬರೆಯುವವರು ಕೋಟಿ ಮಂದಿಯಿದ್ದರೂ, ಬ್ರೌಸರು ಅರ್ಥಮಾಡಿಕೊಂಡದ್ದೇ ಪ್ರಯೋಗವೆನಿಸುತ್ತದೆ. ಐ.ಎಂ.ಜಿ. ಗೆದ್ದುದು ಮೊಸಾಯಿಕ್‌ನ ಬಲದಿಂದ. 2019ರ ಮೇ ತಿಂಗಳಿನ ಒಪ್ಪಂದದಂತೆ ಜಾಲ ಒಕ್ಕೂಟವು ಪ್ರತ್ಯೇಕ ಆವೃತ್ತಿಗಳನ್ನು ಹೊರತರುವುದನ್ನು ನಿಲ್ಲಿಸಿ, ವಾಟ್‌ವಿಗ್ ಕೂಟವು ನಿರಂತರವಾಗಿ ತಿದ್ದುತ್ತಿರುವ ಒಂದೇ ಪಾಠವನ್ನು ಮಾನ್ಯಮಾಡಿತು. ಆ ಕೂಟದ ಆಡಳಿತ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಎಂಬ ನಾಲ್ಕು ಬ್ರೌಸರು ನಿರ್ಮಾಪಕರ ಕೈಯಲ್ಲಿದೆ. ಆವೃತ್ತಿಗಳ ವಂಶಾವಳಿಯೂ ಅಲ್ಲಿಗೆ ಮುಗಿಯಿತು.

ಎಲ್ಲ ತಪ್ಪುಗಳನ್ನೂ ಕಾಪಾಡಿದ ಈ ನೀತಿಯ ರಕ್ಷೆಯೊಳಗೆ ಬಾರದೆ ಹೋದ ಬರಹಗಳೂ ಇವೆ. ಮೊದಮೊದಲ ಕನ್ನಡ ಜಾಲಪುಟಗಳಲ್ಲಿ ಹಲವು ಅವುಗಳ ಸಾಲಿಗೆ ಸೇರಿದವು. ಎಚ್.ಟಿ.ಎಂ.ಎಲ್. 2.0 ಆಧರಿಸಿದ್ದ ಅಕ್ಷರಮಾಲೆ ಪಶ್ಚಿಮ ಯೂರೋಪಿನ ಭಾಷೆಗಳಿಗೆ ಸಾಲುವಷ್ಟು ಮಾತ್ರದ್ದು. ಯೂನಿಕೋಡ್ ಎಂಬ ವಿಶ್ವ ಅಕ್ಷರಮಾಲೆಯ 1991ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದು ಮೀಸಲಾಗಿತ್ತು. 1997ರ ಜನವರಿಯಲ್ಲಿ ಪ್ರಕಟವಾದ ವಿಧಿಯೊಂದು ಆ ವಿಶ್ವಮಾಲೆಯನ್ನು ಎಚ್.ಟಿ.ಎಂ.ಎಲ್.ಗೆ ಆಧಾರವನ್ನಾಗಿ ಮಾಡಿತು, ವರ್ಷಾಂತ್ಯದಲ್ಲಿ 4.0 ಅದನ್ನು ಸ್ವೀಕರಿಸಿತು. ಇಲ್ಲಿ ಮಾತ್ರ ಲಕ್ಷಣ ಮುಂದೆ, ಲಕ್ಷ್ಯ ಹಿಂದೆ. ಏಕೆಂದರೆ ಜನಬಳಕೆಯ ಗಣಕಗಳಿಗೆ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವ ಶಕ್ತಿ ಆಗ ಬಂದಿರಲಿಲ್ಲ; ವಿಂಡೋಸ್‌ನಲ್ಲಿ ಕನ್ನಡಕ್ಕೆ ಆ ಅನುಕೂಲ ದೊರೆತದ್ದು 2001ರ ಎಕ್ಸ್.ಪಿ. ಆವೃತ್ತಿಯಲ್ಲಿ. ಅಷ್ಟರವರೆಗೆ ಕಾಯಲಾರದ ಕನ್ನಡಿಗರು ಫಾಂಟ್ ಟ್ಯಾಗನ್ನು ಆಶ್ರಯಿಸಿದರು. ಕಡತದಲ್ಲಿ ರೋಮನ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಇರಿಸಿ, ಆ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬರೆದಿದ್ದ ಅಕ್ಷರಶೈಲಿಯೊಂದನ್ನು ಫೇಸ್ ವಿಶೇಷಣದಲ್ಲಿ ಹೆಸರಿಸುತ್ತಿದ್ದರು. ಒಂದೊಂದು ಅಕ್ಷರಶೈಲಿಯ ಕ್ರಮ ಒಂದೊಂದು ಬಗೆ. ಪುಟದ ಮೇಲೆ ಕಂಡದ್ದು ಕನ್ನಡ, ಒಳಗಿದ್ದುದು ಕನ್ನಡವಲ್ಲ.

ಇಂದು ಅಂಥ ಪುಟವನ್ನು ತೆರೆದರೆ ಬ್ರೌಸರು ತನ್ನ ಕರ್ತವ್ಯದಲ್ಲಿ ಲೋಪ ಮಾಡುವುದಿಲ್ಲ. ತ್ಯಾಜ್ಯವಾದ ಫಾಂಟ್ ಟ್ಯಾಗಿಗೂ ವಿಧೇಯವಾಗಿ, ಹೆಸರಿಸಿದ ಅಕ್ಷರಶೈಲಿಯನ್ನು ಹುಡುಕುತ್ತದೆ. ಗಣಕದಲ್ಲಿ ಅದಿಲ್ಲದಿರುವುದರಿಂದ ರೋಮನ್ ಅಕ್ಷರಗಳ ಅರ್ಥಹೀನ ರಾಶಿಯನ್ನು ತೋರಿಸುತ್ತದೆ. ವ್ಯಾಕರಣದ ದೃಷ್ಟಿಯಿಂದ ಪುಟ ನಿರ್ದೋಷವಾಗಿರಲೂಬಹುದು. ಕನ್ನಡ ಪದವನ್ನು ಕೊಟ್ಟು ಹುಡುಕಿದರೆ ಅದು ಸಿಗದು. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಯಾವ ಅಕ್ಷರಶೈಲಿಯ ಕ್ರಮದಲ್ಲಿ ಬರೆದದ್ದೆಂಬುದನ್ನು ಮೊದಲು ತಿಳಿಯಬೇಕು. ಅದನ್ನು ತಿಳಿಸಲು ಅಂಥ ಪುಟದಲ್ಲಿ ಉಳಿದಿರುವ ಗುರುತು, ಶಾಸ್ತ್ರವು ಬೇಡವೆಂದ ಫೇಸ್ ವಿಶೇಷಣದೊಳಗಿನ ಆ ಹೆಸರು.